ಹಲಗೆ ತುಂಬಿದೆಯಾ?

ಸೈನ್ಯದ ಹೆಲಿಕಾಪ್ಟರುಗಳು ನಿಲ್ಲುವ ಹ್ಯಾಂಗರಿನ ಎಡಗೋಡೆಗೆ ಆಳೆತ್ತರದ ಒಂದು ಮರದ ಹಲಗೆ. ಅದರ ಮೇಲೆ ಅರವತ್ತೆರಡು ಸಾಮಾನುಗಳ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಸ್ಪ್ಯಾನರಿನ ಜಾಗದಲ್ಲಿ ಸ್ಪ್ಯಾನರಿನ ನೆರಳು, ಇಕ್ಕಳದ ಜಾಗದಲ್ಲಿ ಇಕ್ಕಳದ ನೆರಳು. ಒಂದು ನೆರಳು ಬರಿದಾಗಿದ್ದರೂ ಆ ಸಾಮಾನು ಹೆಲಿಕಾಪ್ಟರಿನ ಹೊಟ್ಟೆಯೊಳಗೆ ಉಳಿದಿರಬಹುದು ಎಂದರ್ಥ. ಅದು ಸಿಗುವ ತನಕ ಹೆಲಿಕಾಪ್ಟರ್ ನೆಲ ಬಿಡುವಂತಿಲ್ಲ.

ಆ ಹಲಗೆಯ ಯಜಮಾನ ಹೆಲಿಕಾಪ್ಟರ್ ರಿಪೇರಿಯ ಮೇಸ್ತ್ರಿ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ಆಸಾಮಿ. ಹ್ಯಾಂಗರಿನಲ್ಲಿ ಮಾತ್ರ ಕಣ್ಣುಮುಚ್ಚಿ ಕೈಚಾಚಿದರೂ ಬೇಕಾದ ಸಾಮಾನೇ ಕೈಗೆ ಬರುತ್ತಿತ್ತು. ಸೈನ್ಯಕ್ಕಿರುವ ಪುಣ್ಯ ತನಗಿಲ್ಲ ಎಂದು ಹೆಂಡತಿ ಗೊಣಗುತ್ತಿದ್ದಳು.

ಮೂವತ್ತಾರು ವರ್ಷಗಳ ಹಿಂದೆ ಆ ಹ್ಯಾಂಗರಿಗೆ ಒಬ್ಬ ಹೊಸ ಪೈಲಟ್ ಬಂದರು. ಎಳೆ ಮೀಸೆಯ ಕ್ಯಾಪ್ಟನ್. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಬೂಟಿನ ದಾರ. ವಾರ ಕಳೆಯುವುದರೊಳಗೆ ಅವರಿಗೆ ಅವಸರಪ್ಪ ಎಂದು ಹೆಸರು ಬಿತ್ತು. ಹೆಸರಿಟ್ಟವನು ಮೇಸ್ತ್ರಿಯೇ, ಆದರೆ ಕೇಳಿದರೆ ದೇವರಾಣೆ ತಾನಲ್ಲ ಎನ್ನುತ್ತಿದ್ದ.

ಆ ವರ್ಷ ಹೊಳೆ ಉಕ್ಕಿ ಒಂದು ಶಾಲೆಯ ಛಾವಣಿಯ ಮೇಲೆ ಜನ ಸಿಕ್ಕಿಬಿದ್ದರು. ಹೆಲಿಕಾಪ್ಟರ್ ಆಗಷ್ಟೇ ರಿಪೇರಿಯಾಗಿತ್ತು. ಹಲಗೆಯಲ್ಲಿ ಒಂದು ಟಾರ್ಚ್ ಇರಲಿಲ್ಲ. ಹತ್ತು ನಿಮಿಷ ಕೊಡಿ, ಹುಡುಕುತ್ತೇನೆ ಎಂದು ಮೇಸ್ತ್ರಿ ಅಡ್ಡ ನಿಂತ. ನೀರು ಹತ್ತು ನಿಮಿಷ ಕಾಯುತ್ತದೆಯೇ ಎಂದು ಕೇಳಿ ಕ್ಯಾಪ್ಟನ್ ಹಾರಿಯೇಬಿಟ್ಟರು. ಎರಡು ಸಲ ಹೋಗಿಬಂದು ಹನ್ನೊಂದು ಜನರನ್ನು ತಂದರು. ಮೂರನೇ ಸಲ ಟಾರ್ಚ್ ಒಳಗೆಲ್ಲೋ ಜಾರಿ ಹಾರಾಟ ನಿಯಂತ್ರಿಸುವ ಸರಳುಗಳ ನಡುವೆ ಸಿಕ್ಕಿಕೊಂಡು, ಪೈಲಟ್ ಕೈಯ ಹಿಡಿ ಅಲುಗಾಡದಾಯಿತು. ಹೇಗೋ ಒಂದು ಹೊಲಕ್ಕೆ ಇಳಿಸಿದರು. ಒಬ್ಬ ಮುದುಕಿಯ ಕೈ ಮುರಿಯಿತು, ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆಯಲ್ಲಿ ದೊಡ್ಡವರೆಲ್ಲ ಸೇರಿ ಟಾರ್ಚ್ ಮರೆತ ಮೇಸ್ತ್ರಿಯ ತಲೆಗೇ ಎಲ್ಲವನ್ನೂ ಕಟ್ಟಲು ಹೊರಟರು. ಬಡವನ ಕೋಪ ದವಡೆಗೆ ಮೂಲ ಎಂದು ಮೇಸ್ತ್ರಿ ಬಾಯಿ ಮುಚ್ಚಿ ನಿಂತಿದ್ದ. ಕ್ಯಾಪ್ಟನ್ ತಮ್ಮ ಹೇಳಿಕೆಯಲ್ಲಿ ಬರೆದದ್ದು ಎರಡೇ ಸಾಲು: ಮೇಸ್ತ್ರಿ ಬೇಡ ಎಂದರು. ನಾನು ಕೇಳಲಿಲ್ಲ. ಅವರ ಬಡ್ತಿ ಎರಡು ವರ್ಷ ಹಿಂದಕ್ಕೆ ಹೋಯಿತು, ಮೇಸ್ತ್ರಿಯ ಕೆಲಸ ಉಳಿಯಿತು. ಅಂದು ಸಂಜೆ ಹಲಗೆಯ ಮುಂದೆ ಬಂದು ನಿಂತು ಅವರು ಮೇಸ್ತ್ರಿಯಿಂದ ಒಂದು ಮಾತು ತೆಗೆದುಕೊಂಡರು.

"ನಾಳೆ ನಾನು ಏನೇ ಆಗಲಿ, ಈ ಹಲಗೆ ತುಂಬದೆ ನನಗೆ ಹಾರೋಕೆ ಬಿಡಬಾರ್ದು. ಬೈದ್ರೂ ಬಿಡಬಾರ್ದು."

ಆಮೇಲೆ ಅವರು ಏನೇನೋ ಆದರು. ಮೇಜರ್ ಆದರು, ಕರ್ನಲ್ ಆದರು. ಕಾಲಾಳುಗಳ ದೊಡ್ಡ ಪಡೆಯೊಂದಕ್ಕೆ ಮುಖ್ಯಸ್ಥರಾದಾಗ, ಗಾಳಿಯಲ್ಲಿ ಓಡಾಡಿದವನಿಗೆ ನೆಲದ ಕಷ್ಟ ಏನು ಗೊತ್ತು ಎಂದು ಅಲ್ಲಿನವರು ಮೂಗು ಮುರಿದರಂತೆ. ಇವರು ಅವರ ಜೊತೆ ಮೂರು ದಿನ ಮೂಟೆ ಹೊತ್ತು ನಡೆದು, ಬೊಬ್ಬೆ ಎದ್ದ ಅಂಗಾಲನ್ನು ಎಲ್ಲರೆದುರೇ ಬಿಸಿನೀರಿನಲ್ಲಿ ಅದ್ದಿ ಕುಳಿತರಂತೆ. ಮೂಗುಗಳು ನೆಟ್ಟಗಾದವು. ಕೊನೆಗೆ ಇಡೀ ಸೈನ್ಯಕ್ಕೇ ಮುಖ್ಯಸ್ಥರಾದರು. ಆ ಕುರ್ಚಿಯಲ್ಲಿ ಪೈಲಟ್ ಒಬ್ಬ ಕುಳಿತದ್ದು ಅದೇ ಮೊದಲು. ಪ್ರತಿ ಬಡ್ತಿಯ ದಿನವೂ ಹ್ಯಾಂಗರಿಗೆ ಫೋನ್ ಬರುತ್ತಿತ್ತು. ಕುಶಲ ಗಿಶಲ ಏನಿಲ್ಲ, "ಹಲಗೆ ತುಂಬಿದೆಯಾ?" ಎಂದು ಒಂದೇ ಪ್ರಶ್ನೆ. ತುಂಬಿದೆ ಸರ್ ಎಂದು ಮೇಸ್ತ್ರಿ. ಆ ದಿನ ಅವನು ಮನೆಗೆ ಹೋದಾಗ ತನಗೇ ಬಡ್ತಿ ಬಂದ ಹಾಗಿರುತ್ತಿದ್ದ.

ಅವರ ನಿವೃತ್ತಿಯ ದಿನ ಬಂತು. ಸಂಜೆ ಐದಕ್ಕೆ ಅಧಿಕಾರ ಬಿಟ್ಟುಕೊಡಬೇಕು. ಅಲ್ಲಿಗೆ ಸೈನ್ಯದ ಹೆಲಿಕಾಪ್ಟರ್ ಹಾರಿಸುವ ಹಕ್ಕೂ ಮುಗಿಯಿತು. ಮೂರು ಗಂಟೆಗೆ ಕೊನೆಯದಾಗಿ ಒಂದು ಸುತ್ತು ಹಾರುತ್ತೇನೆ ಎಂದು ಹೇಳಿಕಳಿಸಿದ್ದರು. ಇಷ್ಟು ವರ್ಷವಾದರೂ ಅವರು ಹಾರಿಸುವುದನ್ನು ಅವರ ಹೆಂಡತಿ ಕಣ್ಣಾರೆ ನೋಡಿರಲಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಬರುತ್ತಿರಲಿಲ್ಲ. ಅಂದು ಆಕೆಯೂ ಬರುವವರಿದ್ದರು. ಮೇಸ್ತ್ರಿಯ ಸಡಗರಕ್ಕೆ ಕೈಕಾಲು ಬಂದಿತ್ತು. ಹೆಲಿಕಾಪ್ಟರನ್ನು ತಾನೇ ಒರೆಸಿದ, ತಾನೇ ತಪಾಸಣೆ ಮಾಡಿದ, ಆಕೆಗೆಂದು ಆಫೀಸಿನ ಕುರ್ಚಿ ಹೊತ್ತು ತಂದು ದಪ್ಪ ದಿಂಬು ಹಾಕಿದ.

ಮುಖ್ಯಸ್ಥರು ಹಳೆಯ ಹಾರಾಟದ ಉಡುಪು ತೊಟ್ಟು ಬಂದರು. ಹೊಟ್ಟೆಯ ಹತ್ತಿರ ಜಿಪ್ಪು ಸ್ವಲ್ಪ ತಕರಾರು ಮಾಡುತ್ತಿತ್ತು. ನಗುತ್ತಲೇ ಕೇಳಿದರು, "ಹಲಗೆ ತುಂಬಿದೆಯಾ?"

ಮೇಸ್ತ್ರಿ ತಿರುಗಿ ನೋಡಿದ. ಮೂರನೇ ಸಾಲಿನಲ್ಲಿ ಒಂದು ನೆರಳು ಬರಿದಾಗಿತ್ತು. ಪೈಪುಗಳ ಹಿಂಬದಿ ನೋಡಲು ಬಳಸುವ, ಅಂಗೈಯಗಲದ ಕನ್ನಡಿ. ಬೆಳಿಗ್ಗೆ ಹೆಲಿಕಾಪ್ಟರಿನ ಒಳಗೆ ಅದನ್ನು ಹಿಡಿದದ್ದು ನೆನಪಿತ್ತು, ಹೊರಗೆ ತಂದದ್ದು ನೆನಪಿರಲಿಲ್ಲ. ತುಂಬಿದೆ ಎಂದುಬಿಡಬಹುದಿತ್ತು. ಹಲಗೆಯ ಕಡೆ ಬೇರೆ ಯಾರೂ ನೋಡುತ್ತಿರಲಿಲ್ಲ. ಮೂವತ್ತಾರು ವರ್ಷ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲ ಸರ್," ಎಂದ. "ಬೇಡ. ಹಾರಬೇಡಿ."

ಅವರ ಮುಖ ಒಂದು ಕ್ಷಣ ಕಂದಿದ್ದನ್ನು ಮೇಸ್ತ್ರಿ ಸಾಯುವತನಕ ಮರೆಯಲಾರ. ಅವರು ಉಡುಪಿನ ತೋಳು ಮೇಲೇರಿಸಿ ಹೆಲಿಕಾಪ್ಟರಿನ ಕೆಳಗೆ ಅಂಗಾತ ಮಲಗಿದರು. ಇಬ್ಬರೂ ಒಂದೊಂದೇ ಮುಚ್ಚಳ ಬಿಚ್ಚಿ ಸಂದಿಗೊಂದಿಯೆಲ್ಲ ತಡಕಿದರು. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಹೊರಡುವ ಹೊತ್ತಾಯಿತು ಎಂದು ಅವರ ಹೆಂಡತಿ ಎದ್ದಾಗ ದಿಂಬು ಜಾರಿತು. ಅದರಡಿ ಕನ್ನಡಿ ಥಳಥಳ ಎನ್ನುತ್ತಿತ್ತು. ದಿಂಬು ಹಾಕುವ ಸಂಭ್ರಮದಲ್ಲಿ ಮೇಸ್ತ್ರಿಯೇ ಇಟ್ಟು ಮರೆತಿದ್ದ.

ಅವನಿಗೆ ಅಳು ತಡೆಯಲಾಗಲಿಲ್ಲ. "ಒಳಗೆ ಇರ್ಲೇ ಇಲ್ಲ ಸರ್. ನಿಮ್ಮ ಕೊನೇ ಹಾರಾಟ ನಾನೇ ಹಾಳು ಮಾಡ್ಬಿಟ್ಟೆ."

"ಇರ್ಲಿಲ್ಲ ಅಂತ ಈಗ ಗೊತ್ತಾಯ್ತು. ಮೂರು ಗಂಟೆಗೆ ಗೊತ್ತಿತ್ತಾ?"

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದ.

"ಮತ್ತೆ?" ಎಂದು ಅವರು ಅವನ ಹೆಗಲು ಹಿಡಿದುಕೊಂಡು ನಿಂತರು. ತಾನು ಗಂಡ ಹಾರುವುದನ್ನು ನೋಡಲು ಬಂದರೆ ನೆಲ ಒರೆಸುವುದು ಕಾಣಸಿಕ್ಕಿತು, ಮನೆಯಲ್ಲಿ ಒಂದು ದಿನವೂ ಆ ಭಾಗ್ಯ ಇರಲಿಲ್ಲ ಎಂದು ಅವರ ಹೆಂಡತಿ ಗ್ರೀಸ್ ಹತ್ತಿದ ಆ ಬೆನ್ನು ಕೊಡವಿದರು.

ಕನ್ನಡಿಯನ್ನು ಅವರೇ ಹಲಗೆಗೆ ತೂಗುಹಾಕಿದರು. ಪೈಲಟ್ ರುಜು ಹಾಕುವ ದಾಖಲೆ ಪುಸ್ತಕ ತರಿಸಿ ಏನೋ ಬರೆದು, ಅವಸರ ಅವಸರವಾಗಿ ಕಾರು ಹತ್ತಿದರು. ಕಾರು ಗೇಟು ದಾಟಿದ ಮೇಲೆ ಮೇಸ್ತ್ರಿ ಕನ್ನಡಕ ಹುಡುಕಿ, ಹಣೆಯಿಂದ ಇಳಿಸಿ, ಪುಸ್ತಕ ತೆರೆದ. ಹಾರಾಟದ ಸಮಯದ ಜಾಗದಲ್ಲಿ ಸೊನ್ನೆ ಇತ್ತು. ಅದರ ಮುಂದೆ ಎರಡು ಸಾಲು.

ಮೇಸ್ತ್ರಿ ಬೇಡ ಎಂದರು. ಈ ಸಲ ಕೇಳಿದೆ.