ರಾಜನ ನಿಲುವಂಗಿಯ ತೋಳು

ಟೈಲರ್ ಮಾಸ್ಟ್ರು ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಯ ಅಳತೆಯನ್ನೂ ಬರೆದಿಟ್ಟುಕೊಂಡವರಲ್ಲ. ಟೇಪು ಹಿಡಿದು ಹೆಗಲಿಂದ ಮಣಿಕಟ್ಟಿನವರೆಗೆ ಒಮ್ಮೆ ಎಳೆದರೆಂದರೆ ಮುಗಿಯಿತು, ಅಂಕಿ ತಲೆಯೊಳಗೆ ಕೂತುಬಿಡುತ್ತಿತ್ತು. ವರ್ಷಕ್ಕೊಂದು ನಾಟಕ ಆಡಿಸುವ ಹುಚ್ಚು ಬೇರೆ. ಅದೂ ಹಾಗೆಯೇ, ಪುಸ್ತಕ ಮುಟ್ಟದೆ. ಯಾರು ಯಾವ ಕಡೆಯಿಂದ ಬರಬೇಕು, ಯಾವ ಮಾತಿಗೆ ಕೂರಬೇಕು, ಎಲ್ಲ ಬಾಯಿಪಾಠ. ಪುಸ್ತಕ ಇರುತ್ತಿದ್ದುದು ಅವರ ಹೆಂಡತಿಯ ತೊಡೆಯ ಮೇಲೆ. ಆಕೆ ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಪಿಸುಗುಟ್ಟುವವರು. ಇಪ್ಪತ್ತು ವರ್ಷದಲ್ಲಿ ಅವರ ದನಿ ಮೊದಲ ಸಾಲಿನವರಿಗೂ ಕೇಳಿಸಿದ್ದಿಲ್ಲ.

ಈ ಸಲದ್ದು ಹಳೆಯ ನಾಟಕ, ಅಜ್ಜಂದಿರ ಕಾಲದಿಂದ ಆಡುತ್ತ ಬಂದದ್ದು. ಮುಪ್ಪಾದರೂ ಸಿಂಹಾಸನ ಬಿಟ್ಟಿಳಿಯದ ರಾಜನ ಕಥೆ. ಹನ್ನೊಂದು ವರ್ಷದ ಹಿಂದೆ ಮಾಸ್ಟ್ರು ಇದನ್ನೇ ಆಡಿಸಿದಾಗ ಅವರ ಅಣ್ಣ ರಾಜನಾಗಿದ್ದರು. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಈಗಿನ ರಾಜ ಔಷಧಿ ಅಂಗಡಿಯ ಕಾಂಪೌಂಡರ್. ಪಾಪ, ಆತ ಹದಿನೈದು ವರ್ಷ ದೂತನಾಗಿ, ಕಾವಲುಗಾರನಾಗಿ, ಮತ್ತೆ ದೂತನಾಗಿ ಸವೆದುಹೋಗಿದ್ದ. ರಾಜನ ಪಾತ್ರ ಸಿಕ್ಕ ದಿನ ಖುಷಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿಯನ್ನು ಪುಕ್ಕಟೆ ಕೊಟ್ಟು ಕಳಿಸಿದನಂತೆ.

ತಂಡದಲ್ಲಿ ಒಂದು ಕಟ್ಟಳೆ ಇತ್ತು, ಮಾಸ್ಟ್ರೇ ಮಾಡಿದ್ದು. ಪ್ರದರ್ಶನಕ್ಕೆ ಎರಡು ವಾರವಿರುವಾಗ ನಟರೆಲ್ಲ ಪುಸ್ತಕ ಮುಚ್ಚಬೇಕು. ಆಮೇಲೆ ಒಂದೇ ಜಾಗದಲ್ಲಿ ಯಾರ ತಪ್ಪಿನಿಂದ ತಾಲೀಮು ಮೂರು ಸಲ ನಿಂತಿತೋ, ಅವರು ಪಾತ್ರ ಬಿಟ್ಟುಕೊಡಬೇಕು. ಒಮ್ಮೆ ಸ್ವಂತ ಭಾವಮೈದುನನನ್ನೇ ಇಳಿಸಿದ್ದರು. ಆ ಮಹಾಶಯ ಎರಡು ವರ್ಷ ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಾಂಪೌಂಡರನಿಗೆ ಈಗಾಗಲೇ ಎರಡಾಗಿತ್ತು. ಎರಡೂ ಸಿಂಹಾಸನದಲ್ಲಿ ಕೂರುವ ಜಾಗದಲ್ಲೇ. ಇನ್ನೊಂದಾದರೆ ಹದಿನೈದು ವರ್ಷದ ಆಸೆ ಮಣ್ಣುಪಾಲು. ಪ್ರದರ್ಶನಕ್ಕೆ ಉಳಿದಿದ್ದದ್ದು ಒಂಬತ್ತೇ ದಿನ.

ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ತಾಲೀಮು ಶುರುವಾಯಿತು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲೇ ಮಾಸ್ಟ್ರು ನೆಲದ ಮೇಲೆ ಬಾಗಿಲು, ಮೆಟ್ಟಿಲು ಎಲ್ಲ ಎಳೆದಿದ್ದರು. ಸಿಂಹಾಸನದ ಜಾಗದಲ್ಲಿ ಹೆಡ್‌ಮಾಸ್ತರರ ಕುರ್ಚಿ. ಅಂದು ಮೊದಲ ಸಲ ವೇಷದ ಬಟ್ಟೆ ತೊಟ್ಟು ಆಡುವುದು. ಕಾಂಪೌಂಡರ್ ಹೊಸದಾಗಿ ಹೊಲಿದ ಕೆಂಪು ನಿಲುವಂಗಿ ತೊಟ್ಟು ಬಂದ, ಆದರೆ ತೋಳುಗಳನ್ನು ಎರಡೆರಡು ಮಡಿಕೆ ಮಡಚಿಕೊಂಡಿದ್ದ. ಮಾಸ್ಟ್ರಿಗೆ ಅದನ್ನು ಕಂಡೇ ಮೈ ಉರಿಯಿತು. ತಾವು ಹೊಲಿದ ಬಟ್ಟೆಯನ್ನು ಮಡಚುವುದೆಂದರೇನು!

ಮಗಳ ಪತ್ರ ಕೇಳಿ ರಾಜ ಸಿಂಹಾಸನದಲ್ಲಿ ಕುಸಿಯುವ ಘಟ್ಟ ಬಂತು. ಕಾಂಪೌಂಡರ್ ಎಡಕ್ಕೆ ಒಂದು ಹೆಜ್ಜೆ ಇಟ್ಟ. ತಡೆದು ಬಲಕ್ಕೆ ಒಂದು ಹೆಜ್ಜೆ ಇಟ್ಟ. ಕೊನೆಗೆ ನಡುವೆ ಕಂಬದ ಹಾಗೆ ನಿಂತು ಮಾಸ್ಟ್ರ ಹೆಂಡತಿಯ ಮುಖ ನೋಡಿದ.

"ನಿಲ್ಸು!" ಮಾಸ್ಟ್ರು ಗುಡುಗಿದರು. "ಕೂರೋಕೂ ಬರಲ್ವೇನಯ್ಯ ನಿಂಗೆ? ಮೂರಾಯ್ತು. ಬಿಚ್ಚಿಕೊಡು ಅಂಗಿ."

"ಆಯ್ತು ಮಾಸ್ಟ್ರೇ. ತಪ್ಪು ನಂದೇ," ಎಂದ ಕಾಂಪೌಂಡರ್. ಕುತ್ತಿಗೆಯ ಗುಂಡಿ ಬಿಚ್ಚಲು ಕೈ ಎತ್ತಿದಾಗ ಮಡಿಕೆ ಜಾರಿ, ತೋಳು ಬೆರಳ ಬುಡದವರೆಗೂ ಇಳಿಯಿತು. ಯಾರೂ ನಗಲಿಲ್ಲ. ರಾಣಿಯ ಪಾತ್ರದ ಬ್ಯಾಂಕಿನ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಇದ್ಯಾಕೆ ಇಷ್ಟುದ್ದ? ಯಾವ ತಲೆಕೆಟ್ಟೋನು ಕತ್ತರಿಸಿದ್ದು ಇದನ್ನ?" ಮಾಸ್ಟ್ರು ರೇಗಿದರು.

ಕಾಂಪೌಂಡರ್ ತೋಳನ್ನು ಮತ್ತೆ ಮಡಚತೊಡಗಿದ. ಆಗ ಮಾಸ್ಟ್ರ ಹೆಂಡತಿ ಪುಸ್ತಕ ಮುಚ್ಚಿ ಎದ್ದು ನಿಂತರು. ಆ ದನಿ ಇಡೀ ಹಾಲಿಗೆ ಕೇಳಿಸಿದ್ದು ಅದೇ ಮೊದಲು.

"ಅದು ಭಾವನೋರ, ನಿಮ್ಮಣ್ಣನ ಅಳತೆ ರೀ. ಕತ್ತರಿಸಿದ್ದೂ ನೀವೇ."

ಮಾಸ್ಟ್ರು ಹೆಂಡತಿಯನ್ನೇ ನೋಡಿದರು.

"ಎಡಗಡೆಯಿಂದ ಕೂರ್ತಿದ್ದೋರೂ ಅವ್ರೇ. ಬಲಮಂಡಿ ನೋವಿತ್ತಲ್ಲ ಅವ್ರಿಗೆ. ಇವ್ರಿಗೆ ಮೊದಲ ದಿನ ಬಲಗಡೆಯಿಂದ ಅಂತ ನೀವೇ ಹೇಳ್ಕೊಟ್ರಿ. ಹಾಗೇ ಕೂತ್ರೆ, ಎಡಗಡೆಯಿಂದ ಯಾಕೆ ಬರಲಿಲ್ಲ ಅಂತ ಬೈದ್ರಿ. ಎಡಗಡೆಯಿಂದ ಬಂದ್ರೆ, ಬಲ ಅಂದಿದ್ನಲ್ಲ ಅಂದ್ರಿ. ಇವತ್ತು ಎಲ್ಲಿ ಹೋಗ್ಬೇಕು ಅವ್ರು?"

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಹೊರಟಿದ್ದೆ. ಇವ್ರೇ ಬೇಡ ಅಂದ್ರು. ಪಾತ್ರ ಹೋದ್ರೆ ಹೋಗ್ಲಿ ಅಕ್ಕ, ಎಲ್ಲರೆದುರು ಮಾಸ್ಟ್ರು ತಲೆ ತಗ್ಗಿಸೋ ಹಾಗಾಗ್ಬಾರ್ದು ಅಂದ್ರು."

ಸುಳ್ಳು ಎನ್ನಲು ಮಾಸ್ಟ್ರು ಬಾಯಿ ತೆರೆದು ಸುತ್ತ ನೋಡಿದರು. ಒಬ್ಬರ ಮುಖದಲ್ಲೂ ಅಚ್ಚರಿ ಇರಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು, ತಮ್ಮೊಬ್ಬರನ್ನು ಬಿಟ್ಟು. ಹೋದ ವಾರ ಒಬ್ಬ ಗಿರಾಕಿ ಸೊಂಟಕ್ಕೆ ನಿಲ್ಲದ ಪ್ಯಾಂಟು ವಾಪಸು ತಂದಾಗ, ನಿಮ್ಮ ಹೊಟ್ಟೆಯೇ ಕರಗಿದೆ ಎಂದು ನಗಾಡಿ ಕಳಿಸಿದ್ದರು. ಅದಕ್ಕೂ ಹಿಂದಿನ ವಾರ ಇನ್ನೊಬ್ಬರ ಜೊತೆ ಇಂಥದ್ದಕ್ಕೇ ಜಗಳವನ್ನೇ ಆಡಿದ್ದರು. ಈಗ ಮಾಸ್ಟ್ರಿಗೆ ಭಯವಾಯಿತು. ಸಾವಿಗೂ ಹೀಗೆ ಹೆದರಿದವರಲ್ಲ. ಕಾಂಪೌಂಡರನ ಕೈ ಹಿಡಿದು ಕ್ಷಮಿಸಪ್ಪ ಎನ್ನಬೇಕೆನಿಸಿತು, ಆದರೆ ಜನ್ಮದಲ್ಲಿ ಆಡದ ಮಾತು ನಾಲಿಗೆಗೆ ಬರಲಿಲ್ಲ.

"ಹಾಗಾದ್ರೆ ಆ ಮೂರೂ ನಂದು," ಎಂದರು ಕೊನೆಗೆ. ನೀಲಿ ಸೀಮೆಸುಣ್ಣವನ್ನು ಹೆಂಡತಿಯ ಅಂಗೈಯಲ್ಲಿಟ್ಟರು. "ಇನ್ಮೇಲೆ ನೀನೇ ಆಡಿಸು."

"ನೀವಿರಿ ಮಾಸ್ಟ್ರೇ, ಒಂಬತ್ತು ದಿನ ತಾನೇ," ಎಂದ ಕಾಂಪೌಂಡರ್.

"ಕಟ್ಟಳೆ ಅಂದ್ಮೇಲೆ ಎಲ್ರಿಗೂ ಒಂದೇ. ನೀನು ಗುಂಡಿ ಹಾಕ್ಕೊ. ಕೈ ಚಾಚು."

ಕೊರಳಲ್ಲಿದ್ದ ಟೇಪು ತೆಗೆದು ಆತನ ಹೆಗಲಿಂದ ಮಣಿಕಟ್ಟಿನವರೆಗೆ ಎಳೆದರು. ಅಂಕಿಯ ಮೇಲೆ ಹೆಬ್ಬೆರಳಿಟ್ಟು, ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ನೋಡಿದರು.

"ಇಪ್ಪತ್ತೆರಡೂವರೆ," ಎಂದರು. ಟೇಪು ಕೊರಳಿಗೆ ಹಾಕಿಕೊಂಡು ಹೆಂಡತಿಗೆ ಹೇಳಿದರು, "ಬರ್ಕೋ."

ಆಕೆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಮಾಸ್ಟ್ರು ನಿಲುವಂಗಿ ಬಿಚ್ಚಿಸಿಕೊಂಡು, ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ತೋಳಿನ ಅಂಚಿನ ಹೊಲಿಗೆ ಬಿಚ್ಚತೊಡಗಿದರು. ಆ ಕಡೆ ರಾಜ ಬಲಗಡೆಯಿಂದ ಬಂದು ಕುರ್ಚಿಯಲ್ಲಿ ಕುಸಿದ. ಯಾರೂ ನಿಲ್ಲಿಸಲಿಲ್ಲ. ಹೊಲಿಗೆ ಬಿಚ್ಚಿ ಮುಗಿಸಿ, ಕತ್ತರಿ ಕೈಗೆತ್ತಿಕೊಂಡ ಮಾಸ್ಟ್ರು ಹಾಗೇ ಕೂತರು. ಆಮೇಲೆ ತಲೆ ಎತ್ತದೆ ಹೆಂಡತಿಯನ್ನು ಕೇಳಿದರು:

"ಎಷ್ಟಂದೆ ನಾನು ಆಗ?"

ಆಕೆ ಪುಸ್ತಕ ತಿರುವಿ ಓದಿ ಹೇಳಿದರು.