ಬೀಗದಂಗಡಿಯ ಮೊಂಡಿ

ಬೀಗ ರಿಪೇರಿಯವನ ದೊಡ್ಡ ಮಗಳನ್ನು ಮನೆಯಲ್ಲಿ ಎಲ್ಲರೂ ‘ಮೊಂಡಿ’ ಎಂದೇ ಕರೆಯುತ್ತಿದ್ದರು. ಗಂಡುಮಕ್ಕಳಿಲ್ಲದ ಅಪ್ಪ ಚಿಕ್ಕಂದಿನಿಂದಲೇ ಅವಳನ್ನು ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿದ್ದ. ಕೀಲಿಕೈಗೆ ಅರ ಹಾಕುವುದು, ಸ್ಪ್ರಿಂಗ್ ಬದಲಿಸುವುದು, ತುಕ್ಕು ಹಿಡಿದ ಬೀಗವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುವುದು, ಎಲ್ಲದರಲ್ಲೂ ಅವಳ ಕೈ ಪಳಗಿತ್ತು. ಆದರೆ ಮದುವೆಯ ವಿಷಯ ಬಂದಾಗ ಅವಳನ್ನು ಒಂದು ಮಾತು ಕೇಳಬೇಕೆಂದು ಅಪ್ಪನಿಗೆ ಹೊಳೆಯಲೇ ಇಲ್ಲ. ಕಬ್ಬಿಣದಂಗಡಿಯವನ ಮಗನಿಗೆ ಕೊಡುವುದೆಂದು ಒಂದು ದಿನ ಅಂಗಡಿಯಲ್ಲಿ, ಗಿರಾಕಿಗಳ ನಡುವೆಯೇ ತೀರ್ಮಾನವಾಗಿಹೋಯಿತು.

“ನನಗೆ ಬೇಡ,” ಎಂದಳು ಮೊಂಡಿ.

“ಮಾತು ಕೊಟ್ಟಾಯ್ತಲ್ಲ!” ಎಂದ ಅಪ್ಪ.

“ಕೊಟ್ಟಿದ್ದು ನೀನು. ನಾನಲ್ಲ.”

ಅಮ್ಮ ಅತ್ತಳು, ಊಟ ಬಿಟ್ಟಳು. ಕೊನೆಗೆ ಸೋದರತ್ತೆ ಬುದ್ಧಿ ಹೇಳಲು ಬಂದಳು.

“ನಮ್ಮ ಮುತ್ತಜ್ಜಿನೂ ಹೀಗೇ ಕಣೆ. ಮದುವೆ ದಿನ ಅಟ್ಟ ಹತ್ತಿ, ಏಣಿ ಮೇಲಕ್ಕೆಳ್ಕೊಂಡು ಕೂತಿದ್ಲಂತೆ. ಅಣ್ಣತಮ್ಮಂದಿರು ಹೊತ್ತು ಇಳಿಸಿದ್ರು.”

“ಆಮೇಲೆ?”

“ಆಮೇಲೇನು, ಸಂಸಾರ ಮಾಡಿದ್ಲು. ಅಣ್ಣತಮ್ಮಂದಿರ ಹತ್ರ ಮಾತ್ರ ಸಾಯೋವರೆಗೂ ಮಾತಾಡ್ಲಿಲ್ಲ.”

ಇಷ್ಟು ಹೇಳಿದ ಅತ್ತೆ, ತಾನು ಯಾರ ಪರ ಮಾತಾಡಲು ಬಂದೆನೆಂಬುದನ್ನೇ ಮರೆತವಳಂತೆ ಎದ್ದು ಹೊರಟಳು.

ಗಂಡಿನ ಕಡೆಯವರು ದಿನ ಗೊತ್ತುಮಾಡಲು ಬಂದ ಬೆಳಿಗ್ಗೆ, ಮಗಳು ಎಲ್ಲಿ ಮರ್ಯಾದೆ ಕಳೆಯುತ್ತಾಳೋ ಎಂದು ಹೆದರಿ ಅಪ್ಪ ಅವಳನ್ನು ಮಹಡಿಯ ಕೋಣೆಯಲ್ಲಿ ಕೂಡಿಹಾಕಿದ. ಕೆಳಗೆ ಬಂದು, ಹುಡುಗಿಗೆ ಜ್ವರ ಎಂದ. ಬಾಗಿಲಿನೊಳಗೇ ಕೂರಿಸಿದ್ದ ಆ ಬೀಗ ಅವನೇ ಮಾಡಿದ್ದು. ಮೊಂಡಿ ಹಳೆಯ ಕೊಡೆಯ ಕಡ್ಡಿಯೊಂದನ್ನು ಮುರಿದು, ತುದಿ ಬಗ್ಗಿಸಿ, ಒಳಗಿನಿಂದಲೇ ತೆಗೆದಳು. ಕೆಳಗಿಳಿದಾಗ ಹಿತ್ತಿಲ ಬಾಗಿಲು ತೆರೆದೇ ಇತ್ತು. ಓಡಿಹೋಗಬಹುದಿತ್ತು, ಆದರೆ ಓಡಿಹೋದರೆ ಅಂಗಡಿಯೂ ಕೈತಪ್ಪಿದಂತೆ. ಅವಳು ನೇರವಾಗಿ ನಡುಮನೆಗೆ ಬಂದು ನಿಂತಳು.

“ಜ್ವರ ಅಂದ್ರಿ?” ಎಂದ ಕಬ್ಬಿಣದಂಗಡಿಯವ.

“ಜ್ವರ ಇಲ್ಲ. ಈ ಮದುವೆ ಬೇಡ, ಅಷ್ಟೇ.” ಹುಡುಗನ ಕಡೆ ತಿರುಗಿ, “ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ,” ಎಂದೂ ಸೇರಿಸಿದಳು. ಹುಡುಗ ಅರ್ಧ ಕಚ್ಚಿದ ಬಿಸ್ಕತ್ತನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ. ಬಂದವರು ಎದ್ದು ಹೋದರು.

ಅಪ್ಪ ಅವಳೊಡನೆ ಮಾತು ಬಿಟ್ಟ. ಅಂಗಡಿಗೆ ಬರಬೇಡವೆಂದು ಮಾತ್ರ ಹೇಳಲಿಲ್ಲ. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು ಇಬ್ಬರೂ ಅರ ಉಜ್ಜುತ್ತಿದ್ದರು. ಏನಾದರೂ ಬೇಕಾದರೆ ಅಪ್ಪ ಎದುರಿಗಿದ್ದ ಗಿರಾಕಿಗೆ, “ಆ ಇಕ್ಕಳ ಕೊಡೋಕೆ ಹೇಳಿ ಅವಳಿಗೆ,” ಎನ್ನುತ್ತಿದ್ದ. ಬೀದಿಯ ಹೆಂಗಸರು ಅವಳನ್ನು ಕಂಡು ಮೂಗು ಮುರಿದರು. ಕಪಾಟಿನ ಬೀಗ ಕೆಟ್ಟಾಗ ಅವಳನ್ನೇ ಕರೆಸಿಕೊಂಡರು.

ಕೆಲವು ವರ್ಷಗಳ ಮೇಲೆ ತಂಗಿಗೆ ಸಂಬಂಧ ಬಂತು. ಅಂದು ಅಪ್ಪ ಕನ್ನಡಕ ಒರೆಸುತ್ತಾ ಕೂತು, ಚಿಕ್ಕವಳನ್ನು ಕರೆದು ಕೇಳಿದ:

“ಹುಡುಗ ಹಿಡಿಸಿದನಾ? ಇಲ್ಲದಿದ್ರೆ ಈಗಲೇ ಹೇಳಿಬಿಡಮ್ಮ.”

ತಂಗಿ ಅಕ್ಕನ ಮುಖ ನೋಡಿದಳು. ಮೊಂಡಿ ಕೈಯಲ್ಲಿದ್ದ ಬೀಗದಿಂದ ತಲೆಯೆತ್ತಲಿಲ್ಲ.

“ಯೋಚನೆ ಮಾಡಿ ಹೇಳ್ತೀನಪ್ಪ.”

“ಮಾಡು. ಅವಸರ ಇಲ್ಲ.”

ತಂಗಿ ಒಪ್ಪಿಕೊಂಡಳು, ಮದುವೆಯೂ ಆಯಿತು. ಮೊಂಡಿ ಮದುವೆಯಾಗಲಿಲ್ಲ, ಆಗಬಾರದೆಂಬ ಹಟವೂ ಅವಳಿಗಿರಲಿಲ್ಲ. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿ ಅವಳ ಕೈಗೆ ಬಂತು. ಅವನು ಈಗ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಬಂದವರಿಗೆಲ್ಲ, “ಒಳಗೆ ಮಗಳಿದ್ದಾಳೆ, ಕೇಳಿ,” ಎನ್ನುತ್ತಾನೆ.