ಬಸ್‌ಸ್ಟ್ಯಾಂಡಿನ ಬಿಳಿ ಶಾಮಿಯಾನ

ನಿನ್ನ ಕೆಲಸ ಏನು ಎಂದು ನೆಂಟರು ಕೇಳಿದರೆ ಹೇಳಲು ನನಗೆ ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ. ಹೈದರಾಬಾದಿನಲ್ಲಿ ಒಂದು ಸಂಸ್ಥೆಯಿದೆ. ಊರ ನಡುವೆ, ಬೀದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಾಳು ಗೋಡೆಯ ಮೇಲೆ ಕಲಾವಿದರು ಏನಾದರೊಂದು ಮಾಡುವುದಕ್ಕೆ ಅದು ನೆರವಾಗುತ್ತದೆ. ಮಾಡಿದ್ದು ಉಳಿಯಬಾರದು, ಕೆಲವು ದಿನ ಇದ್ದು ಹೋಗಬೇಕು. ಕರ್ನಾಟಕದ ಗಡಿಗೆ ಹತ್ತಿದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಗೆ ನಾನು ಅವರ ಆಳು. ಪುರಸಭೆಯಲ್ಲಿ ಪರವಾನಗಿ, ಠಾಣೆಯಲ್ಲಿ ಸಲಾಮು, ಬಿದಿರು, ಹಗ್ಗ, ಲೈಟು, ಊಟ ಎಲ್ಲ ನನ್ನದೇ. ಕಡೆಗೆ ಎಲ್ಲವನ್ನೂ ಬಿಚ್ಚಿಸಿ, ನೆಲವನ್ನು ಮೊದಲಿನಂತೆ ಮಾಡಿಸಿ, ಖಾಲಿ ಜಾಗದ ಫೋಟೊ ತೆಗೆದು ಕಳಿಸಬೇಕು. ಅವ್ವ ಇಷ್ಟೆಲ್ಲ ಹೇಳುವುದಿಲ್ಲ. ಯಾರಾದರೂ ಕೇಳಿದರೆ, “ನಮ್ಮಾಂವ ಕಟ್ತಾನ, ಕೆಡಸ್ತಾನ” ಅನ್ನುತ್ತಾಳೆ.

ಊರ ಉಸಾಬರಿ ನಿನಗ್ಯಾಕೋ ಮುಲ್ಲಾ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಒಂದೇ ಪ್ರಶ್ನೆ: “ಇದ್ರಿಂದ ಏನ್ ಫಾಯ್ದಾ ರೀ?” ಮೊದಮೊದಲು ಸಂಸ್ಥೆಯವರು ಕಲಿಸಿದ ಉತ್ತರ ಹೇಳುತ್ತಿದ್ದೆ. ಆಮೇಲೆ “ಏನೂ ಇಲ್ಲ ಸಾರ್, ನಾಲ್ಕು ದಿನ ಇರ್ತದ, ಹೋಗ್ತದ” ಎನ್ನಲು ಕಲಿತೆ. ಆಗ ಸಹಿ ಬೇಗ ಬೀಳುತ್ತಿತ್ತು. ತಾಂಡೂರಿನಲ್ಲಿ ಒಬ್ಬ ಕಲಾವಿದ ಅಲ್ಲಿಯದೇ ಹಾಸುಗಲ್ಲುಗಳನ್ನು ವೃತ್ತವಾಗಿ ಜೋಡಿಸಿದ್ದ. ವಾರ ತುಂಬುವುದರೊಳಗೆ ಒಂದೊಂದೇ ಕಲ್ಲು ಒಂದೊಂದು ಮನೆಯ ಬಚ್ಚಲು ಸೇರಿ ಬಟ್ಟೆ ಒಗೆಯುವ ಕಲ್ಲಾಯಿತು. ನಾರಾಯಣಖೇಡದಲ್ಲಿ ಇನ್ನೊಬ್ಬರು ಕನ್ನಡಿಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಕಂಡ ತನ್ನದೇ ಮುಖಕ್ಕೆ ಒಂದು ಹೋತ ಹಾಯ್ದು ಎಲ್ಲ ಒಡೆದುಹಾಕಿತು. ಎರಡಕ್ಕೂ ಸಂಸ್ಥೆಯವರು ‘ಜನರ ಸಹಭಾಗಿತ್ವ’ ಎಂದು ಬರೆದುಕೊಂಡರು. ಗಾಜಿನ ಚೂರು ಆರಿಸಿದವನು ನಾನು.

ನನಗೆ ಸಾಕಾಗಿತ್ತು. ಇದು ಕೈಕಾಲಿನ ದಣಿವಲ್ಲ. ನಾನು ಮುಟ್ಟಿದ ಒಂದು ವಸ್ತುವೂ ಎಲ್ಲಿಯೂ ನಿಂತಿಲ್ಲವಲ್ಲ ಎಂಬ ದಣಿವು. ಈ ಊರುಗಳಲ್ಲಿ ಓಡಾಡುವಾಗ, ಇಲ್ಲೊಂದು ಇತ್ತು, ಅಲ್ಲೊಂದು ಇತ್ತು ಎಂದು ನನಗೊಬ್ಬನಿಗೇ ಗೊತ್ತಿರುತ್ತಿತ್ತು.

ಮನೆಯಲ್ಲಿಯೂ ಅಂಥದೇ ಒಂದು ಖಾಲಿ ಜಾಗವಿತ್ತು. ನಮ್ಮದು ನ್ಯಾಲ್ಕಲ್ ಕಡೆಯ ಕುರಿ ಸಾಕುವ ಮನೆತನ. ಚಿಕ್ಕಪ್ಪನವರು ಈಗಲೂ ಕುರಿ ಕಾಯುತ್ತಾರೆ. ನಾನು ಅವ್ವನನ್ನು ಕರೆದುಕೊಂಡು ಜಹೀರಾಬಾದಿಗೆ ಬಂದು ಬಹಳ ವರ್ಷವಾಯಿತು. ನನಗೊಬ್ಬ ತಮ್ಮನಿದ್ದ. ತಾಂಡೂರಿನಿಂದ ಹಾಸುಗಲ್ಲು ಹೇರಿಕೊಂಡು ಹೈದರಾಬಾದಿಗೆ ಲಾರಿ ಓಡಿಸುತ್ತಿದ್ದ. ಕೊರೊನಾ ಕಾಲದಲ್ಲಿ ಅಲ್ಲಿಯೇ ಜ್ವರ ಬಂತು, ಅಲ್ಲಿಯೇ ದವಾಖಾನೆ ಸೇರಿದ, ಅಲ್ಲಿಯೇ ಹೋದ. ದಾರಿಗಳೆಲ್ಲ ಬಂದ್ ಆಗಿದ್ದವು. ಸತ್ತ ಸುದ್ದಿಯೂ ಫೋನಿನಲ್ಲಿ ಬಂತು, ಮಣ್ಣು ಮಾಡಿದ ಸುದ್ದಿಯೂ ಫೋನಿನಲ್ಲೇ ಬಂತು. ನಮ್ಮಲ್ಲಿ ಯಾರು ಸತ್ತರೂ ಮನೆಯವರು, ನೆಂಟರು, ಓಣಿಯವರು ಹೂಳುವ ಕುಣಿಗೆ ಒಂದೊಂದು ಹಿಡಿ ಮಣ್ಣು ಹಾಕಬೇಕು. ಹೆತ್ತವಳಿಗೆ ಅದೂ ಸಿಗಲಿಲ್ಲ.

ಅಂಜಿಕೆಗೆ ಒಬ್ಬರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯವಳು ಅವ್ವನ ಜೀವದ ಗೆಳತಿ. ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದವರು. ಅವಳೂ ಬರಲಿಲ್ಲ. ಅವ್ವ ಅಳಲಿಲ್ಲ. ಎದುರಿಗೆ ಕೂತು ಕೊರಳು ಹಿಡಿದು ಅಳುವವರು ಬೇಕಲ್ಲ, ಒಬ್ಬಳೇ ಹೇಗೆ ಅಳುವುದು. ತಮ್ಮನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಬರುಬರುತ್ತ ಆ ಹೆಸರು ನಮ್ಮ ಮನೆಯಲ್ಲಿ ನಿಂತೇಹೋಯಿತು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆ ಹೋಗಬೇಕು ಎಂದು ನಮಗೆ ಕಲಿಸಿದವಳೇ ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಕಡೆಗೆ ಪಕ್ಕದ ಮನೆಯವಳ ಗಂಡನೇ ತೀರಿಕೊಂಡ. ಅವತ್ತು ಅವ್ವ ಆ ಕಡೆಯ ಕಿಟಕಿ ಹಾಕಿಕೊಂಡು ಕೂತಳು. ಹೋಗಿ ಬಾ ಎಂದು ನಾನು ಅಂದದ್ದಕ್ಕೆ ಸಿಡಿದು ಬಿದ್ದಳು.

“ಆಕಿ ಬಂದಿದ್ಳೇನು ನಮ್ಮನಿಗಿ? ನನ್ ಕೂಸು ಹೋದಾಗ ಒಂದ್ ನಾಯಿ ಸೈತ ನಮ್ಮ ಅಂಗಳದಾಗ ಕಾಲಿಟ್ಟಿಲ್ಲ.”

ಇದಾಗಿ ತಿಂಗಳೊಳಗೆ ಸಂಸ್ಥೆಯವರು ಒಬ್ಬ ಹೊಸ ಕಲಾವಿದೆಯನ್ನು ಕಳಿಸಿದರು. ದೂರದ ದೊಡ್ಡ ಊರಿನ ಹುಡುಗಿ, ಹಿಂದಿ ಮಾತಾಡುತ್ತಿದ್ದಳು. ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಪಕ್ಕದ ಬಯಲಿನಲ್ಲಿ, ನ್ಯಾಲ್ಕಲ್ ಕಡೆಯ ಜೀಪು ಆಟೊಗಳು ನಿಲ್ಲುವಲ್ಲಿ, ಅಚ್ಚ ಬಿಳಿಯ ಒಂದು ಶಾಮಿಯಾನ ಹಾಕಬೇಕು ಎಂದಳು. ಒಳಗೆ ಜಮಖಾನೆ ಬಿಟ್ಟರೆ ಏನೂ ಇರಬಾರದು. ಮಾರಾಟವಿಲ್ಲ, ಭಾಷಣವಿಲ್ಲ. ಬಿಸಿಲು ಬಿದ್ದಂತೆ ಬಸ್ಸಿನ ನೆರಳು, ಜನರ ನೆರಳು ಬಟ್ಟೆಯ ಮೇಲೆ ಹಾಯಬೇಕು, ದಣಿದವರು ಒಳಗೆ ಕೂತು ಅದನ್ನು ನೋಡಬೇಕು. ಹಗ್ಗ, ಗೂಟ ಕಣ್ಣಿಗೆ ಬೀಳಬಾರದು ಎಂದು ಹಟ ಹಿಡಿದಳು. ಹಗ್ಗವಿಲ್ಲದೆ ಗಾಳಿಗೆ ತಡೆಯಬೇಕೆಂದರೆ ಕಂಬಗಳನ್ನು ಆಳಕ್ಕೆ ನೆಡಬೇಕು. ಕೆಂಪು ಮುರುಮಿನ ಗಟ್ಟಿ ನೆಲ ಅಗೆಯುತ್ತ ಶಾಮಿಯಾನದವನು ನನ್ನ ಮುಖ ನೋಡಿದ.

“ಬರೇ ಬಿಳೀದಾ? ಝಾಲರಿ ಗೀಲರಿ ಏನೂ ಬ್ಯಾಡಾ?”

“ಬ್ಯಾಡ.”

“ನಂದೇನ್ ಹೋಗ್ತದ. ನೀವ್ ಹೇಳ್ದಂಗ ಮಾಡ್ತೀನ್ರಿ.”

ಅವನು ಏನು ಹೇಳಲು ಹೊರಟಿದ್ದ ಎಂದು ನನಗೆ ಹೊಳೆಯಬೇಕಿತ್ತು. ಅಂಚಿಗೆ ಬಣ್ಣದ ಝಾಲರಿ ಇಲ್ಲದ ಬರೀ ಬಿಳಿಯ ಶಾಮಿಯಾನವನ್ನು ನಮ್ಮ ಕಡೆ ಯಾವಾಗ ಹಾಕುತ್ತಾರೆ ಎಂಬುದು ಅಂಗನವಾಡಿಯ ಮಗುವಿಗೂ ಗೊತ್ತು. ನನಗೆ ಅವತ್ತು ಲೈಟಿನವನ ಚಿಂತೆ, ಪೊಲೀಸರ ಚಿಂತೆ.

ಮರುದಿನ ಬೆಳಗ್ಗೆ ಮೊದಲ ಜೀಪಿನಿಂದ ಇಳಿದ ರೈತನೊಬ್ಬ ತಲೆಯ ರುಮಾಲು ಕೈಗೆ ತೆಗೆದುಕೊಂಡು, ದನಿ ತಗ್ಗಿಸಿ, “ಯಾರ್ ತೀರ್ಕೊಂಡಾರ್ರಿ?” ಎಂದ. ಆಮೇಲೆ ಬಂದವರು ತೆಲುಗಿನಲ್ಲಿ “ಎವಲು ಪೋಯಿಂಡ್ರು?” ಎಂದರು. ಎದುರಿನ ಚಾ ಅಂಗಡಿಯ ಮುದುಕ ಕೆಟಲ್ ಬಿಟ್ಟು ಬಂದು ಉರ್ದುವಿನಲ್ಲಿ “ಕೌನ್ ಗುಜರ್ ಗಯೇ ಭಾಯ್?” ಎಂದ. ಮೂರೂ ಭಾಷೆಯಲ್ಲಿ ನಾನು ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡೆ. ಹಾಗಾದರೆ ಇದು ಯಾಕೆ ಎಂದು ಮತ್ತೆ ಕೇಳುತ್ತಿದ್ದರು. ನೆರಳು ನೋಡಲು ಅಂದರೆ ನಗುತ್ತಾರೆ. ಹುಡುಗಿ ಮಾತ್ರ, ಜನ ಎಷ್ಟು ಮೌನವಾಗಿ ನಿಂತು ನೋಡುತ್ತಿದ್ದಾರೆ ಎಂದು ಖುಷಿಯಲ್ಲಿದ್ದಳು.

ಮಧ್ಯಾಹ್ನ ಗಂಟು ಹಿಡಿದ ಒಬ್ಬ ಮುದುಕಿ ಬಂದಳು. ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೂತು, ಸೆರಗನ್ನು ಮುಖದ ಮೇಲೆಳೆದುಕೊಂಡು ಹಾಡಿ ಅಳಲು ಶುರು ಮಾಡಿದಳು. ಹಳ್ಳಿಯ ಹೆಂಗಸರು ಸಾವಿನ ಮನೆಯಲ್ಲಿ ಹೋದವರ ಗುಣ ಒಂದೊಂದಾಗಿ ಎಣಿಸುತ್ತ ಅಳುವ ಅಳು ಅದು. ಅಳುವುದು ಮುಗಿದ ಮೇಲೆ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದಳು.

“ಯಾರದಪ್ಪಾ ಇದು?”

“ಯಾರದೂ ಅಲ್ಲ ಯವ್ವಾ. ಸುಮ್ನ ಕೂಡಾಕ ಹಾಕೀವಿ.”

“ಇರ್ಲಿ ತಗೋ. ನಮ್ಮ ತಂಗಿದು ಬಾಕಿ ಉಳದಿತ್ತು. ಆ ಬ್ಯಾನಿ ಒಳಗ ಹೋದ್ಳು. ಯಾರೂ ಕೂಡ್ಲಿಲ್ಲ, ಯಾರೂ ಅಳ್ಲಿಲ್ಲ.” ಇಷ್ಟು ಹೇಳಿ ತನ್ನ ಜೀಪು ಹತ್ತಿ ಹೋದಳು.

ಜೀಪಿನಲ್ಲಿ ಏನು ಹೇಳಿದಳೋ ಏನೋ. ಮಾರನೆಯ ದಿನದಿಂದ ಜನ ಬರತೊಡಗಿದರು. ಮೊದಲು ನ್ಯಾಲ್ಕಲ್ ಕಡೆಯವರು, ಆಮೇಲೆ ಊರಿನವರೇ. ಎಲ್ಲರೂ ಆ ಕೊರೊನಾ ವರ್ಷಗಳಲ್ಲಿ ಯಾರನ್ನೋ ಕಳಕೊಂಡು, ಹಂದರ ಹಾಕದೆ, ನಾಲ್ಕು ಜನ ಸೇರದೆ ಉಳಿದವರು. ಸಂತೆಗೆ ಬಂದವರು ಚೀಲ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಕೂತರು. ಗಂಡಸರು ಬೀಡಿ ಆರಿಸಿ ಕೂತರು. ಯಾರೋ ನೀರಿನ ಕೊಡ ತಂದಿಟ್ಟರು. ಚಾ ಅಂಗಡಿಯ ಮುದುಕನಿಗೆ ತಲೆಬಿಸಿ. “ಎಲ್ಲಾರೂ ನಮ್ ಡ್ರಮ್ಮಿನ ನೀರಾಗ ಕಾಲ್ ತೊಳಕೊಂಡು ಸೀದಾ ಮನಿಗಿ ಹೋಗ್ಲಕತ್ತಾರ. ಚಾ ಒಬ್ಬರೂ ಕುಡೀವಲ್ರು” ಎಂದು ನನ್ನ ಮೇಲೆ ರೇಗಿದ. ಸಂಜೆ ನೋಡಿದರೆ ಅವನೂ ಒಳಗೆ ಕೂತಿದ್ದ. ಅವನ ಅಣ್ಣನೂ ಆ ವರ್ಷವೇ ಹೋಗಿದ್ದ.

ಕಲಾವಿದೆ ಹೆದರಿದಳು. ನಾನು ಮಾಡಿದ್ದು ಇದಲ್ಲ, ಇದನ್ನು ತೆಗೆಸಿಬಿಡಿ ಎಂದಳು. ಸಂಸ್ಥೆಯಿಂದ ಫೋನು ಬಂತು: ಇದು ಪೂಜೆ ಪುನಸ್ಕಾರದ ಗೊಂದಲವೇ? ಅಲ್ಲ ಎಂದೆ. ಸರಿ, ಹಾಗಾದರೆ ಅಳುವವರ ಫೋಟೊ ಚೆನ್ನಾಗಿ ಬರುತ್ತದೆ, ತೆಗೆದು ಕಳಿಸಿ ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಳುವವರ ಫೋಟೊ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ, ಬೇಕಾದರೆ ನೀವೇ ಬಂದು ಹೊಡೆತ ತಿಂದು ತೆಗೆದುಕೊಳ್ಳಿ ಎಂದುಬಿಟ್ಟೆ. ಹುಡುಗಿಗೂ ಹೇಳಿದೆ: ಸಾವಿನ ಹಂದರವನ್ನು ನಡುವೆಯೇ ಕೀಳಬಾರದು, ಗೊತ್ತುಮಾಡಿದ ದಿನದವರೆಗೆ ನಿಲ್ಲಲಿ. ಅವಳು ಕ್ಯಾಮೆರಾ ಚೀಲಕ್ಕೆ ಹಾಕಿದಳು. ಅವತ್ತಿನಿಂದ ಅವಳೂ ಒಂದು ಮೂಲೆಯಲ್ಲಿ ಕೂತಿರುತ್ತಿದ್ದಳು.

ಊರಿಗೆಲ್ಲ ಗೊತ್ತಾದದ್ದು ಅವ್ವನಿಗೆ ಗೊತ್ತಾಗದೆ ಇರುತ್ತದೆಯೇ. ತರಕಾರಿಯವಳು ಬಾಗಿಲಲ್ಲಿ ನಿಂತು ಎಲ್ಲ ಹೇಳಿದ್ದಳು. ಬಾ ಎಂದು ಅವ್ವನನ್ನು ಕರೆಯಲು ನನಗೆ ಧೈರ್ಯವಾಗಲಿಲ್ಲ. ಕರೆದರೆ ಬರುವುದಿಲ್ಲ ಎಂದಾಳು, ಒಮ್ಮೆ ಇಲ್ಲ ಅಂದ ಮೇಲೆ ಅವಳಿಗೇ ಬರಲು ಆಗುವುದಿಲ್ಲ. ಕಡೆಯ ದಿನದ ಹಿಂದಿನ ಸಂಜೆ, ಊಟಕ್ಕೆ ಕೂತಾಗ, “ನಾಳಿಗಿ ಬಿಚ್ತೀವಿ” ಎಂದಷ್ಟೇ ಹೇಳಿದೆ.

“ಬಿಚ್ಚು. ನಿಂದು ಅದೇ ಕೆಲಸ ಅಲ್ಲೇನು” ಎಂದು ಸಾರು ಬಡಿಸಿದಳು.

ಬಿಚ್ಚಿದೆವು. ಬಟ್ಟೆ ಮಡಚಿ ಟಂಟಂ ಗಾಡಿಗೆ ಹಾಕಿದ್ದಾಯಿತು, ಜಮಖಾನೆ ಸುತ್ತಿದ್ದಾಯಿತು. ಕಂಬ ಕಿತ್ತ ಜಾಗದಲ್ಲಿ ಆಳದ ಕುಣಿಗಳು ಬಾಯಿ ತೆರೆದುಕೊಂಡಿದ್ದವು. ಅವುಗಳನ್ನು ಮುಚ್ಚಿ ಫೋಟೊ ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಶಾಮಿಯಾನದವನು ಸಲಿಕೆ ಎತ್ತಿದಾಗ ಒಂದು ಆಟೊ ಬಂದು ನಿಂತಿತು. ಅವ್ವ ಇಳಿದಳು. ತಲೆಯ ಮೇಲೆ ಸೆರಗು ಹೊದ್ದಿದ್ದಳು.

“ಎಲ್ಲಿ ಅದನೋ ನಿಂದು?”

ನನಗೆ ಅಳು ಬಂದಿತ್ತು, ಸಿಟ್ಟಾಗಿ ಹೊರಬಂತು. “ಈಗ ಬಂದಿ ಏನವ್ವಾ? ಎಲ್ಲಾ ಬಿಚ್ಚಿ ಆತಲ್ಲ! ಇಷ್ಟು ದಿನ ಏನ್ ಮಾಡ್ತಿದ್ದಿ?”

“ಅರಿವಿ ನೋಡಾಕ ಬಂದಿಲ್ಲ ನಾ” ಎಂದಳು. ಬಯಲನ್ನು ಒಮ್ಮೆ ನೋಡಿದಳು. ಆಮೇಲೆ ಹತ್ತಿರದ ಕುಣಿಯ ಮುಂದೆ ಬಂದು ನಿಂತಳು. “ಇಷ್ಟ್ ಆಳ ಯಾಕ ತೋಡೀರಿ?”

“ಹಗ್ಗ ಕಾಣಬಾರದಂತ, ಅದಕ್ಕ.”

ಅವ್ವ ಶಾಮಿಯಾನದವನ ಕಡೆ ತಿರುಗಿ, “ಸಲಿಕಿ ಹಚ್ಚಬ್ಯಾಡ, ನಿಂದ್ರು” ಎಂದಳು. ಮೊಣಕಾಲು ಹಿಡಿದುಕೊಂಡು ನಿಧಾನ ಕೂತಳು. ಪಕ್ಕದ ಗುಡ್ಡೆಯಿಂದ ಕೆಂಪು ಮಣ್ಣು ಹಿಡಿ ತುಂಬ ತೆಗೆದುಕೊಂಡಳು. ಅದರಲ್ಲಿದ್ದ ಹರಳುಗಳನ್ನು ಬೆರಳಿನಿಂದ ಆರಿಸಿ ತೆಗೆದಳು. ಆಮೇಲೆ ಕುಣಿಯ ಮೇಲೆ ಕೈ ಚಾಚಿ ಮಣ್ಣು ಬಿಟ್ಟಳು.

“ತಗೋ ಯಪ್ಪಾ” ಎಂದಳು. “ತಡಾ ಆತು.”

ನಾನೂ ಕೂತು ಒಂದು ಹಿಡಿ ಹಾಕಿದೆ. ಶಾಮಿಯಾನದವನು ಸಲಿಕೆ ಕೆಳಗಿಟ್ಟು ಒಂದು ಹಿಡಿ ಹಾಕಿದ. ಚಾ ಅಂಗಡಿಯ ಮುದುಕ ಕೈ ಒರೆಸಿಕೊಳ್ಳುತ್ತ ಬಂದು ಖಬರಸ್ತಾನದಲ್ಲಿ ತನ್ನವರು ಹಾಕುವಂತೆ ಮೂರು ಹಿಡಿ ಹಾಕಿದ. ಕಲಾವಿದೆ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ, ಅವಳೂ ಹಾಕಿದಳು. ಜೀಪಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಉಳಿದ ಕುಣಿಗಳ ಹತ್ತಿರ ಹೋದರು. ಸಲಿಕೆಯ ಕೆಲಸ ಬಹಳ ಉಳಿಯಲಿಲ್ಲ.

ಆಟೊದಲ್ಲಿ ಅವ್ವ ಉಗುರಿನ ಮಣ್ಣು ತೆಗೆಯುತ್ತ ಕೂತಿದ್ದಳು. ಓಣಿ ಹತ್ತಿರ ಬಂದಾಗ, “ಮೈ ತೊಳಕೊಂಡು ನಾಲ್ಕ ರೊಟ್ಟಿ ಬಡೀತೀನಿ. ಬರೇ ಕೈಲೆ ಹೋಗಬಾರದು” ಎಂದಳು.

ರೊಟ್ಟಿ ಪಲ್ಯವನ್ನು ಅರಿವೆಯಲ್ಲಿ ಕಟ್ಟಿಕೊಂಡು ಅವಳು ಪಕ್ಕದ ಮನೆಗೆ ಹೋದಳು. ನಾನು ಒಳಗೆ ಕೂತು ಸಂಸ್ಥೆಗೆ ಫೋಟೊ ಕಳಿಸಲು ಫೋನು ತೆಗೆದೆ. ಫೋಟೊದಲ್ಲಿ ಬಯಲು ಮೊದಲಿನ ಹಾಗೆಯೇ ಇತ್ತು, ಅಲ್ಲೊಂದು ಇಲ್ಲೊಂದು ಹಸಿ ಮಣ್ಣಿನ ಕಲೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಅಳು ಕೇಳಿಸಿತು. ಮೊದಲು ಪಕ್ಕದ ಮನೆಯವಳದು, ಆಮೇಲೆ ಅವ್ವನದು. ಹಾಡಿ ಅಳುತ್ತಿದ್ದಳು. ಅವನ ಲಾರಿ, ಅವನ ನಗು, ಅವನು ಉಣ್ಣುತ್ತಿದ್ದ ಗಂಗಾಳ. ನಡುನಡುವೆ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದಳು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಆಡದ ಹೆಸರನ್ನು ಅವಳು ಆ ಮನೆಯಲ್ಲಿ ಮತ್ತೆ ಮತ್ತೆ ಕರೆದಳು. ನಾನು ಎದ್ದು ಹೋಗಿ ಆ ಕಡೆಯ ಕಿಟಕಿ ತೆರೆದೆ.